ಅಟ್ಟದ ಮನೆಯಲ್ಲಿ ಅತಿಥಿಗೊಂದು ಕೋಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ತೋಟದ ಮನೆಗಳಲ್ಲಿ ಕಣ್ಣಿಗೆ ಮೊದಲು ಬೀಳಬೇಕಾದದ್ದು ತೆಂಗಿನಕಾಯಿಯ ಅಟ್ಟ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಲ್ಲಿಗೆ ಏರಿಸಿದರೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅದರ ಪಾಡಿಗೆ ಬಿಟ್ಟುಬಿಡಬೇಕು. ಅಟ್ಟದ ಸಂದುಗಳಿಂದ ಗಾಳಿಯಾಡಿ, ಕಾಯೊಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದಿಲ್ಲದೆ ಲೊಟಲೊಟ ಎಂದು ಉಂಡೆ ಉರುಳಿದರೆ ಕೊಬ್ಬರಿ ಆಯಿತು. ಆಮೇಲೆ ಸುಲಿದು, ಕರಟವನ್ನು ಹುಷಾರಾಗಿ ಒಡೆದು, ಉಂಡೆಯನ್ನು ಇಡಿಯಾಗಿ ಹೊರತೆಗೆಯಬೇಕು. ಒಡೆದ ಉಂಡೆಗೆ ಆ ಬೆಲೆಯಿಲ್ಲ. ಹೋಳು ಮಾಡಿ ಕೆಲವೇ ದಿನಗಳಲ್ಲಿ ಒಣಗಿಸುವ ಎಣ್ಣೆ ಕೊಬ್ಬರಿಗೆ ಇಷ್ಟು ತಾಳ್ಮೆ ಬೇಕಿಲ್ಲ. ಈ ಅಟ್ಟದ ಮನೆಗಳಲ್ಲಿ ಪ್ರವಾಸಿಗರಿಗೆಂದು ಒಂದೆರಡು ಕೋಣೆ ಬಿಟ್ಟುಕೊಡುವುದು ಬರೀ ಮೇಲುಸಂಪಾದನೆಯ ಮಾತಲ್ಲ, ಅಟ್ಟವನ್ನೇ ಉಳಿಸಿಕೊಳ್ಳುವ ದಾರಿ ಎಂಬುದು ನನ್ನ ವಾದ.

ಅಟ್ಟ ರೈತನ ಉಳಿತಾಯ ಖಾತೆ ಇದ್ದ ಹಾಗೆ. ಆದರೆ ಅದರಿಂದ ದುಡ್ಡು ತೆಗೆಯುವ ಹೊತ್ತು ಅವನ ಕೈಯಲ್ಲಿಲ್ಲ. ಕಾಯಿ ಕೀಳುವವರ ಕೂಲಿ, ಸುಲಿಯುವವರ ಕೂಲಿ, ಮಕ್ಕಳ ಫೀಸು, ಕೆಟ್ಟು ಕೂತ ಪಂಪ್‌ಸೆಟ್ಟು ಯಾವುದೂ ಕೊಬ್ಬರಿ ಆಗುವವರೆಗೆ ಕಾಯುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ತಿಪಟೂರಿನ ಮಾರುಕಟ್ಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ 20,000 ದಾಟಿತು. ಬೆಲೆ ಏರಿರುವಾಗ ಕೋಣೆ ಬಾಡಿಗೆಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಎರಡು ವರ್ಷದಲ್ಲಿ ಇಷ್ಟು ಏರುವ ಬೆಲೆ ಅಷ್ಟೇ ಬೇಗ ಇಳಿಯಲೂಬಹುದು, ಅದಕ್ಕೇ. ಯಾರೂ ಕೊಬ್ಬರಿಯನ್ನು ವರ್ಷಗಟ್ಟಲೆ ಇಡಲಾರರು, ನಿಜ. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವವರೆಗೆ ಒಂದೆರಡು ತಿಂಗಳು ತಡೆದುಕೊಳ್ಳುವ ಶಕ್ತಿ ಇದ್ದವನಿಗೂ ಇಲ್ಲದವನಿಗೂ ಬಹಳ ಅಂತರವಿದೆ. ಆ ಶಕ್ತಿ ಇಲ್ಲದವನು ಎಳನೀರಿಗೋ ಹಸಿಕಾಯಿಗೋ ತೋಟ ಕೊಟ್ಟುಬಿಡುತ್ತಾನೆ, ಅಟ್ಟ ಖಾಲಿ ಬೀಳುತ್ತದೆ. ತಿಂಗಳಿಗೆ ನಾಲ್ಕು ಮಂದಿ ಬಂದು ಉಳಿದರೂ ಆ ಒತ್ತಡ ಅಷ್ಟರಮಟ್ಟಿಗೆ ಸಡಿಲುತ್ತದೆ.

ಬೆಟ್ಟವಿಲ್ಲ, ಜಲಪಾತವಿಲ್ಲ, ಕಾಫಿತೋಟದ ಮಂಜಿಲ್ಲ. ಇಲ್ಲಿಗೆ ಯಾರು ಬರುತ್ತಾರೆ? ಈ ಪ್ರಶ್ನೆ ಕೇಳುವವರು ಅರಳಗುಪ್ಪೆಗೆ ಒಮ್ಮೆ ಹೋಗಿಬರಲಿ. ಅಲ್ಲಿನ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ, ಅಂದರೆ ಒಳಛಾವಣಿಯ ಕೆತ್ತನೆಯಲ್ಲಿ, ನರ್ತಿಸುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದರೂ ಸಾಲದು. ಅದೇ ಊರಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವನಿದ್ದಾನೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ ಕಟ್ಟಿದ್ದು 1286ರಲ್ಲಿ. ತುರುವೇಕೆರೆಯ ಮೂಲೆ ಶಂಕರೇಶ್ವರ, ನಾಗಲಾಪುರದ ಕೇದಾರೇಶ್ವರ ಮತ್ತು ಚೆನ್ನಕೇಶವ, ಇವನ್ನೆಲ್ಲ ಬೇಲೂರಿಗೆ ಓಡುವ ಭರದಲ್ಲಿ ಮುಟ್ಟಿಬರಲಾಗದು. ಎರಡು ರಾತ್ರಿಯಾದರೂ ಬೇಕು. ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ತಿಪಟೂರಿನ ಮೇಲೇ ಹಾದುಹೋಗುತ್ತದೆ. ಇಲ್ಲಿ ಇಲ್ಲದಿರುವುದು ನೋಡುವ ಜಾಗವಲ್ಲ, ಇಳಿದುಕೊಳ್ಳುವ ಜಾಗ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮಲೆನಾಡಿನ ಕೆಲವು ಕಡೆ ಹೋಮ್‌ಸ್ಟೇ ಎಂಬ ಹೆಸರಿನಲ್ಲಿ ಗದ್ದಲ, ಬಾಟಲಿ, ಕಸ ಬಂದವು; ತೋಟ ಹಿಂದೆ ಸರಿದು ಕೋಣೆಗಳೇ ಮುಂದಾದವು. ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆಲಿವ್ ಬೆಳೆಯುವ ಕಣಿವೆಗಳಿರುವ ಇಟಲಿಗೂ ಇದೇ ಭಯವಿತ್ತು. ಅಲ್ಲಿ 1985ರಲ್ಲಿ ಬಂದ ಕಾನೂನು, ಅತಿಥಿಗಳನ್ನು ಇಟ್ಟುಕೊಳ್ಳುವವನು ರೈತನೇ ಆಗಿರಬೇಕು, ಬೇಸಾಯವೇ ಅವನ ಮುಖ್ಯ ಕಸುಬಾಗಿ ಉಳಿಯಬೇಕು ಎಂದು ಕಟ್ಟುಹಾಕಿತು. ಇರುವ ಮನೆ ಮತ್ತು ಹಳೆಯ ಕಟ್ಟಡಗಳನ್ನೇ ಬಳಸುವ ಹಾದಿ ತೋರಿತು. ನಮ್ಮ ಕೇಂದ್ರ ಸರ್ಕಾರದ ಹೋಮ್‌ಸ್ಟೇ ಯೋಜನೆಯೂ ಮನೆಯವರು ಅಲ್ಲೇ ವಾಸವಿರಬೇಕು, ಕೋಣೆಗಳು ಆರಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಕಲ್ಪತರು ನಾಡೆನಿಸಿದ ಈ ತೆಂಗಿನ ಸೀಮೆಗೆ ನಾನು ಇನ್ನೊಂದು ಷರತ್ತು ಸೇರಿಸುತ್ತೇನೆ: ಅಟ್ಟದಲ್ಲಿ ಕಾಯಿ ಇರುವ ಮನೆಗೆ ಮಾತ್ರ ಪರವಾನಗಿ. ತೆಂಗು ಕಡಿದು ಈಜುಕೊಳ ತೋಡಿದವರಿಗೆ ಬೇಡ.

ಅಟ್ಟ ಖಾಲಿಯಿದ್ದರೆ ಅದನ್ನೇ ಮಲಗುವ ಕೋಣೆ ಮಾಡಬಹುದಲ್ಲ ಎಂಬ ಸಲಹೆಯನ್ನಂತೂ ಒಪ್ಪಲಾರೆ. ಒಣಗಿದ ಮಟ್ಟೆ, ನಾರು, ದೂಳು, ಇಲಿ ಇರುವ ಜಾಗವದು. ಒಂದು ಬೀಡಿ ಕಿಡಿ ಸಾಕು. ಅತಿಥಿ ಪಕ್ಕದ ಅಂಕಣದಲ್ಲಿ ಮಲಗಲಿ, ಹಗಲು ಏಣಿ ಹತ್ತಿ ನೋಡಲಿ, ಒಂದು ಕಾಯಿ ಅಲ್ಲಾಡಿಸಿ ಕೇಳಲಿ. ಊಟಕ್ಕೆ ಹೋಟೆಲಿನ ಪಟ್ಟಿ ಬೇಡ: ಮುದ್ದೆ, ಸೊಪ್ಪಿನ ಸಾರು, ಹಬ್ಬವಿದ್ದರೆ ಕಾಯಿ ಹೋಳಿಗೆ. ಆದರೆ ಆ ಮುದ್ದೆ ತೊಳಸುವವರು, ಹಾಸಿಗೆ ಕೊಡವುವವರು, ನೀರು ಕಾಯಿಸುವವರು ಮನೆಯ ಹೆಂಗಸರು. ತೋಟದ ಪಹಣಿಯಲ್ಲಿ ಹೆಸರಿಲ್ಲದವರ ಮೇಲೆ ಹೊಸ ದುಡಿಮೆ ಹೊರಿಸಿ, ಬಂದ ಬಾಡಿಗೆಯನ್ನು ಗಂಡಸರ ಖಾತೆಗೆ ಹಾಕಿದರೆ ಈ ಏರ್ಪಾಟು ಅನ್ಯಾಯದಿಂದಲೇ ಶುರುವಾದಂತೆ. ಕೊಬ್ಬರಿಯ ಚೆಕ್ಕು ಯಾರ ಹೆಸರಿಗಾದರೂ ಬರಲಿ, ಕೋಣೆಯ ನೋಂದಣಿ ಮತ್ತು ಬ್ಯಾಂಕ್ ಖಾತೆ ಮನೆಯೊಡತಿಯ ಹೆಸರಿನಲ್ಲಿರಬೇಕು. ಪರವಾನಗಿಯ ಅರ್ಜಿಯಲ್ಲೇ ಅದನ್ನು ಕಡ್ಡಾಯ ಮಾಡಬಹುದು.