ಹದಿನೈದು ವರ್ಷ ತಗೊಂಡ ಮಾಲ್: ಕೆಲಸ ನಿಂತರೂ ಬಡ್ಡಿ ನಿಲ್ಲಲ್ಲ

ಮನೆ ಕಟ್ಟಿ ನೋಡು ಅಂತಾರಲ್ಲ, ಇವತ್ತು ಒಂದು ಮಾಲ್ ಕಟ್ಟಿದ ಕಥೆ ನೋಡೋಣ. ಅಮೆರಿಕದ ನ್ಯೂಜೆರ್ಸಿಯಲ್ಲಿ, ಮೆಟ್‌ಲೈಫ್ ಸ್ಟೇಡಿಯಂ ಪಕ್ಕದಲ್ಲೇ ‘ಅಮೆರಿಕನ್ ಡ್ರೀಮ್’ ಅಂತ ಒಂದು ಮಾಲ್ ಇದೆ. ಸುಮಾರು 30 ಲಕ್ಷ ಚದರಡಿ. ಒಳಗೇ ಥೀಮ್ ಪಾರ್ಕ್, ವಾಟರ್ ಪಾರ್ಕ್, ಹಿಮದ ಮೇಲೆ ಜಾರೋ ಜಾಗ ಎಲ್ಲಾ ಇದೆ. ಕೆಲಸ ಶುರುವಾಗಿದ್ದು 2004ರಲ್ಲಿ. ಬಾಗಿಲು ತೆರೆದಿದ್ದು 2019ರ ಅಕ್ಟೋಬರ್ 25ಕ್ಕೆ.

ಯಾಕಿಷ್ಟು ತಡ? ಕಾರಣ ಒಂದೇ ಅಲ್ಲ. ಮೊದಲು ಇದರ ಹೆಸರು ‘ಝನಾಡು’. ಶುರು ಮಾಡಿದ ಮಿಲ್ಸ್ ಕಾರ್ಪೊರೇಷನ್ ಹಣಕಾಸಿನ ತೊಂದರೆಗೆ ಸಿಕ್ಕಿ, ಯೋಜನೆ ಬೇರೆಯವರ ಕೈ ಸೇರಿತು. 2008ರಲ್ಲಿ ಲೆಹ್ಮನ್ ಬ್ರದರ್ಸ್ ಕುಸಿಯಿತು. ಅದರ ಕಡೆಯಿಂದ ಬರಬೇಕಿದ್ದ ಸಾಲ ನಿಂತು 2009ರಲ್ಲಿ ಕೆಲಸವೂ ನಿಂತಿತು. ಆಮೇಲೆ ಟ್ರಿಪಲ್ ಫೈವ್ ಅನ್ನೋ ಕಂಪನಿ ಬಂತು. ‘ಮಾಲ್ ಆಫ್ ಅಮೆರಿಕ’ ನಡೆಸೋರು ಇವರೇ. ಥೀಮ್ ಪಾರ್ಕ್, ವಾಟರ್ ಪಾರ್ಕ್ ಸೇರಿಸ್ತೀವಿ ಅಂದಾಗ, ಪಕ್ಕದ ಸ್ಟೇಡಿಯಂನ ಜೈಂಟ್ಸ್ ಮತ್ತು ಜೆಟ್ಸ್ ಫುಟ್‌ಬಾಲ್ ತಂಡಗಳು ಪಂದ್ಯದ ದಿನ ಟ್ರಾಫಿಕ್ ಕೆಡುತ್ತೆ ಅಂತ 2012ರಲ್ಲಿ ಕೋರ್ಟಿಗೆ ಹೋದವು. ರಾಜಿಯಾಗಿದ್ದು 2014ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ನೀವು 100 ಕೋಟಿ ಸಾಲ ಮಾಡಿದ್ದೀರಿ, ಬಡ್ಡಿ ಶೇ 10 ಅಂದ್ಕೊಳ್ಳಿ. ದಿನಕ್ಕೆ ಸುಮಾರು 2 ಲಕ್ಷ 74 ಸಾವಿರ ಬಡ್ಡಿ. ಮೇಸ್ತ್ರಿ ರಜೆ ಹಾಕಬಹುದು, ಬಡ್ಡಿಗೆ ಭಾನುವಾರವೂ ಇಲ್ಲ. ಬಾಡಿಗೆ ಮಾತ್ರ ಮಾಲ್ ತೆರೆಯೋವರೆಗೂ ಸೊನ್ನೆ. ಅದಕ್ಕೇ ತಡ ಅನ್ನೋದು ಬರೀ ಎಂಜಿನಿಯರ್ ಸಮಸ್ಯೆ ಅಲ್ಲ, ಅದು ನಗದು ಹರಿವಿನ ಸಮಸ್ಯೆ.

ಹಾಗಾದ್ರೆ ನಿಭಾಯಿಸೋದು ಹೇಗೆ? ಮೊದಲನೆಯದು, ಎಲ್ಲಾ ತಡವೂ ಒಂದೇ ಅಲ್ಲ. ಟೈಲ್ಸ್ ಒಂದು ವಾರ ತಡವಾದ್ರೆ ಪಕ್ಕದ ಕೆಲಸ ಮುಂದುವರಿಸಬಹುದು. ಚಾವಣಿ ತಡವಾದ್ರೆ ಒಳಗಿನ ವೈರಿಂಗ್, ಏಸಿ, ಅಂಗಡಿಯವರ ಇಂಟೀರಿಯರ್ ಎಲ್ಲವೂ ಕಾಯಬೇಕು. ಯಾವ ಕೆಲಸ ನಿಂತರೆ ಇಡೀ ಯೋಜನೆ ನಿಲ್ಲುತ್ತೋ, ಹಣ ಮತ್ತು ಜನ ಮೊದಲು ಅಲ್ಲಿಗೆ ಹೋಗಬೇಕು.

ಎರಡನೆಯದು, ಹಂತ ಹಂತವಾಗಿ ತೆರೆಯೋದು. ಅಮೆರಿಕನ್ ಡ್ರೀಮ್ ಮೊದಲು ಥೀಮ್ ಪಾರ್ಕ್ ಮತ್ತು ಐಸ್ ರಿಂಕ್ ತೆರೀತು, ಡಿಸೆಂಬರ್‌ನಲ್ಲಿ ಹಿಮದ ಇಳಿಜಾರು. ಸ್ವಲ್ಪ ಆದಾಯ ಬರೋಕೆ ಶುರು. ಆದ್ರೆ ಅಂಗಡಿಗಳ ಸರದಿ ಬರೋ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂತು. ಮಾಲ್ ಮತ್ತೆ ತೆರೆದಿದ್ದು ಅಕ್ಟೋಬರ್‌ನಲ್ಲಿ.

ಮೂರನೆಯದು, ಬಾಡಿಗೆದಾರರು. ದೊಡ್ಡ ಮಳಿಗೆ ಬಂದರೆ ಜನ ಬರ್ತಾರೆ ಅಂತಲೇ ಸಣ್ಣ ಅಂಗಡಿಗಳು ಸಹಿ ಹಾಕೋದು. ಇಲ್ಲಿ ಬರಬೇಕಿದ್ದ ಬಾರ್ನೀಸ್, ಲಾರ್ಡ್ ಆ್ಯಂಡ್ ಟೇಲರ್, ಸೆಂಚುರಿ 21 ಮೂರೂ 2019-20ರಲ್ಲಿ ದಿವಾಳಿ ಅರ್ಜಿ ಹಾಕಿದವು. ವರ್ಷಗಟ್ಟಲೆ ತಡವಾದ್ರೆ ಕಟ್ಟಡ ಅಲ್ಲೇ ಇರುತ್ತೆ, ಬರ್ತೀವಿ ಅಂದವರೇ ಇರಲ್ಲ.

ಕೊನೆಯದು, ನನ್ನ ಪ್ರಕಾರ ಬಹಳ ಮುಖ್ಯವಾದದ್ದು. ಒಂದು ಯೋಜನೆಯ ತಡ ಇನ್ನೊಂದನ್ನ ಮುಳುಗಿಸದ ಹಾಗೆ ಬೇಲಿ ಹಾಕಬೇಕು. ಟ್ರಿಪಲ್ ಫೈವ್ ಈ ಮಾಲ್ ಸಾಲಕ್ಕೆ, ಚೆನ್ನಾಗಿ ನಡೀತಿದ್ದ ತನ್ನ ಎರಡು ಮಾಲ್‌ಗಳ ಶೇ 49 ಪಾಲನ್ನ ಅಡ ಇಟ್ಟಿತ್ತು. 2021ರಲ್ಲಿ ಆ ಪಾಲು ಸಾಲ ಕೊಟ್ಟವರ ಕೈಗೆ ಹೋಯಿತು. 2017ರಲ್ಲಿ ಈ ಯೋಜನೆಗೆ ಅಂತ ಸುಮಾರು 110 ಕೋಟಿ ಡಾಲರ್ ಮುನ್ಸಿಪಲ್ ಬಾಂಡ್ ಮಾರಿದ್ರು. ಅದರಲ್ಲಿ ಒಂದು ಭಾಗದ ಬಡ್ಡಿ 2022ರಲ್ಲಿ ತಪ್ಪಿತು. ಬಾಂಡ್ ಕೊಂಡವರು ಇಟ್ಟಿಗೆ ಮುಟ್ಟಿದವರಲ್ಲ, ತಡದ ಬೆಲೆ ಅವರಿಗೂ ಬಿತ್ತು.

ಹಾಗಾಗಿ ಯಾರಾದ್ರೂ ‘ಹೊಸ ಮಾಲ್‌ನಲ್ಲಿ ಹಣ ಹಾಕಿ, ಮುಂದಿನ ದೀಪಾವಳಿಗೆ ರೆಡಿ’ ಅಂದ್ರೆ, ದೀಪಾವಳಿ ಬಗ್ಗೆ ಕೇಳಬೇಡಿ. ‘ಎರಡು ವರ್ಷ ತಡವಾದ್ರೆ ಬಡ್ಡಿ ಯಾರ ಜೇಬಿಂದ?’ ಅಂತ ಕೇಳಿ. ಉತ್ತರ ಕಾಗದದ ಮೇಲೆ ಇಲ್ಲ ಅಂದ್ರೆ, ಆ ಜೇಬು ನಿಮ್ಮದೇ ಇರಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.