ಹುಚ್ಚುನಾಯಿಯ ವಿಷವು ಮೆದುಳನ್ನು ಸೇರುವ ಬಗೆ

ನಾಯಿ ಕಡಿದ ಗಾಯವು ಮಾಗಿ ತಿಂಗಳುಗಳು ಕಳೆದ ಮೇಲೆ ಜಲಭೀತಿ ರೋಗವು ತಲೆದೋರುವುದೇಕೆಂದು ವಿದ್ಯಾರ್ಥಿನಿಯರು ಕೇಳುವುದುಂಟು. ಸಿಂಗಸಂದ್ರದ ಬೀದಿನಾಯಿಗಳ ನಡುವೆಯೇ ಶಾಲೆಗೆ ಬರತಕ್ಕವರಿಗೆ ಇದು ಬರಿಯ ಪಾಠದ ಪ್ರಶ್ನೆಯಲ್ಲ.

ಈ ರೋಗವನ್ನುಂಟುಮಾಡುವ ರೇಬೀಸ್ ವೈರಸ್ಸು ಬಂದೂಕಿನ ಗುಂಡಿನಾಕಾರದ್ದು. ಅದಕ್ಕೆ ಕೊಬ್ಬಿನ ತೆಳುವಾದ ಹೊದಿಕೆಯುಂಟು. ಹೊದಿಕೆಯಿಂದ ಒಂದು ಬಗೆಯ ಪ್ರೋಟೀನು ಮುಳ್ಳುಗಳಂತೆ ಹೊರಚಾಚಿರುತ್ತದೆ. ನಮ್ಮ ನರವು ಸ್ನಾಯುವನ್ನು ಸಂಧಿಸುವೆಡೆಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಸುದ್ದಿಯನ್ನು ಒಯ್ಯುತ್ತದೆ. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಬೀಗಗಳಾದರೆ, ವೈರಸ್ಸಿನ ಮುಳ್ಳು ಕಳ್ಳ ಬೀಗದಕೈ. ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಥಾಮಸ್ ಲೆಂಟ್ಸ್ ಮತ್ತು ಅವರ ಸಂಗಡಿಗರು 1982ರಲ್ಲಿ ಈ ಸಂಬಂಧವನ್ನು ತೋರಿಸಿದರು. ಆ ಮುಳ್ಳಿನ ಒಂದು ಭಾಗವು ಹಾವುಗಳ ನರವಿಷದ ರಚನೆಯನ್ನು ಹೋಲುತ್ತದೆಂದು 1984ರಲ್ಲಿ ತಿಳಿಸಿದರು. ನಾಯಿಯ ಜೊಲ್ಲಿನಲ್ಲಿ ಹಾವಿನ ಹಲ್ಲು! ನನಗಂತೂ ಇದಕ್ಕಿಂತ ವಿಸ್ಮಯಕರವಾದ ಹೋಲಿಕೆ ಬೇರೆ ಕಾಣದು.

ನರದ ತುದಿಯಲ್ಲಿರುವ ಬೇರೆ ಗ್ರಾಹಕಗಳನ್ನೂ ಹಿಡಿದು ಒಳಹೊಕ್ಕ ವೈರಸ್ಸು ನರದೊಳಗೇ ಮೇಲೇರಿ, ಬೆನ್ನುಹುರಿಯ ಮೂಲಕ ಮೆದುಳನ್ನು ಮುಟ್ಟುತ್ತದೆ. ಆದಕಾರಣವೇ ಕಾಲಿನ ಕಡಿತಕ್ಕಿಂತ ಮುಖದ ಕಡಿತವು ಬೇಗನೆ ಅಪಾಯಕರವಾಗುವುದು. ಮೆದುಳಿನಲ್ಲಿಯೂ ಅದು ಜೀವಕೋಶಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಮೃತರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಂಥ ಘೋರ ಮರಣಕ್ಕೆ ತಕ್ಕಷ್ಟು ನಾಶವು ಕಾಣಬರುವುದಿಲ್ಲ. ಕೋಶಗಳು ಇದ್ದ ಹಾಗೆಯೇ ಇದ್ದು, ಅವುಗಳೊಳಗಿನ ಮಾತುಕತೆ ಕೆಟ್ಟುಹೋಗಿರುತ್ತದೆ. ನೀರನ್ನು ಕಂಡೊಡನೆ ರೋಗಿಯ ಗಂಟಲು ಬಿಗಿದುಕೊಳ್ಳುವುದು ಇದರಿಂದಲೇ. ನಮ್ಮ ಹೊಸೂರು ರಸ್ತೆಯಲ್ಲಿಯೇ ಇರುವ ನಿಮ್ಹಾನ್ಸ್ ಸಂಸ್ಥೆಯು ಈ ರೋಗದ ಪರೀಕ್ಷೆಗೂ ಸಂಶೋಧನೆಗೂ ದೇಶದಲ್ಲಿ ಹೆಸರಾದದ್ದು.

ಮೆದುಳಿಗೆ ಮುಟ್ಟಿದ ರೋಗವನ್ನು ನಂಬಿಕೆಯಿಂದ ಗುಣಪಡಿಸುವ ಔಷಧವಿಲ್ಲ. ಕಳ್ಳನನ್ನು ಬಾಗಿಲ ಹೊರಗೇ ತಡೆಯಬೇಕು. ಗಾಯವನ್ನು ಒಡನೆ ಸೋಪಿನಿಂದಲೂ ಹರಿಯುವ ನೀರಿನಿಂದಲೂ 15 ನಿಮಿಷ ತೊಳೆದರೆ ಕೊಬ್ಬಿನ ಹೊದಿಕೆ ಕರಗಿ ಮುಳ್ಳುಗಳು ನೆಲೆತಪ್ಪುತ್ತವೆ. ಆಳವಾದ ಗಾಯಕ್ಕೆ ವೈದ್ಯರು ಚುಚ್ಚುವ ಸಿದ್ಧ ಪ್ರತಿಕಾಯಗಳು ಉಳಿದ ಮುಳ್ಳುಗಳನ್ನು ಮುಚ್ಚಿಬಿಡುತ್ತವೆ. ಲಸಿಕೆಯಾದರೋ ಅಂಥವುಗಳನ್ನು ತಾನೇ ತಯಾರಿಸಲು ದೇಹಕ್ಕೆ ಕಲಿಸುತ್ತದೆ, ಆದರೆ ಅದಕ್ಕೆ ಒಂದೆರಡು ವಾರಗಳು ಬೇಕು. ಸುಣ್ಣವನ್ನೋ ಮೆಣಸಿನಪುಡಿಯನ್ನೋ ಮೆತ್ತುವವರು ಗಾಯವನ್ನು ಕೆಣಕಿ, ಈ ಹೊತ್ತನ್ನೇ ಕಳೆಯುತ್ತಾರೆ.

ಹೊಟ್ಟೆಗೆ 14 ಸೂಜಿಗಳೆಂಬ ಅಜ್ಜಿಯಂದಿರ ಭಯವು ಸುಳ್ಳಲ್ಲ. ಕುರಿಯ ಮೆದುಳಿನಿಂದ ಮಾಡಿದ ಆ ಹಳೆಯ ಲಸಿಕೆಯು ಒಮ್ಮೊಮ್ಮೆ ನರಗಳಿಗೇ ಕೇಡು ಮಾಡುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತುಹೋಯಿತು. ಈಗಿನದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸಿ, ತೋಳಿಗೆ ಕೊಡುತ್ತಾರೆ.