ಕಾಡಿನ ವಾಕಿಗೆ ಎತ್ತರವೇ ಬಲ

ಗಾವಡಗೆರೆಯ ಹೊಗೆಸೊಪ್ಪಿನ ಬಯಲಿನಲ್ಲಿ ವಾಕಿ ಟಾಕಿ ಎಂದರೆ ಜಾತ್ರೆ ಬಂದೋಬಸ್ತಿಗೆ ಬಂದ ಪೊಲೀಸರ ಸೊಂಟದಲ್ಲಿ ಕರಕರ ಎನ್ನುವ ಸಾಧನ, ಅಷ್ಟೆ. ಹುಣಸೂರು ದಾಟಿ ವೀರನಹೊಸಹಳ್ಳಿ ಗೇಟಿನಿಂದ ನಾಗರಹೊಳೆ ಕಾಡು ಹೊಕ್ಕರೆ ಅದರ ಬೆಲೆ ತಿಳಿಯುತ್ತದೆ. 643 ಚದರ ಕಿ.ಮೀ. ಹರಡಿದ ಈ ಕಾಡಿನಲ್ಲಿ ಒಳಗೊಳಗೆ ಹೋದಂತೆ ಮೊಬೈಲ್ ಮೂಕವಾಗುತ್ತದೆ. ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು ಆನೆ ಎದುರಾದರೂ, ಬೇಸಿಗೆಯಲ್ಲಿ ಹೊಗೆ ಕಂಡರೂ ರೇಂಜ್ ಕಚೇರಿಗೆ ಸುದ್ದಿ ಮುಟ್ಟಿಸಲು ವೈರ್‌ಲೆಸ್ಸನ್ನೇ ನಂಬಬೇಕು.

ಮಾತು ಕೇಳದಿದ್ದರೆ ಎಲ್ಲರೂ ಮೊದಲು ಬೈಯುವುದು ಸೆಟ್ಟನ್ನು. ಇನ್ನೂ ಪವರ್ ಇರುವುದು ಬೇಕು ಎನ್ನುತ್ತಾರೆ. ಕೈಯಲ್ಲಿ ಹಿಡಿಯುವ ವಾಕಿಯ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್, ಜೀಪಿನ ಸೆಟ್‌ನದು 25. ಹಾಗೆಂದು ದೂರವೇನೂ ಐದು ಪಟ್ಟಾಗುವುದಿಲ್ಲ. ಈ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುವಂಥವು. ಹಳ್ಳದಲ್ಲಿ ನಿಂತು ಎಷ್ಟು ಗಂಟಲು ಹರಿದುಕೊಂಡರೂ ದಿಣ್ಣೆಯಾಚೆಯವನಿಗೆ ಕೂಗು ಕೇಳುತ್ತದೆಯೇ?

ಇದಕ್ಕೊಂದು ಸುಲಭದ ಲೆಕ್ಕವಿದೆ. ಆಂಟೆನಾದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ, ಸಮತಟ್ಟು ನೆಲದಲ್ಲಿ ಅಲೆ ಹೋಗಬಲ್ಲ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ಎದೆಮಟ್ಟದಲ್ಲಿ ಹಿಡಿದ ವಾಕಿಗೆ ಸುಮಾರು 5, ಒಂಬತ್ತು ಮೀಟರ್ ಕಂಬದ ಮೇಲಿನ ಆಂಟೆನಾಗೆ 12. ಎರಡರ ನಡುವೆ ಮಾತಾದರೆ ಕೂಡಿಸಿ 17. ಕಾಡು ಈ ಲೆಕ್ಕಕ್ಕೆ ಸೊಪ್ಪು ಹಾಕುವುದಿಲ್ಲ. ಬಿದಿರು ಮೆಳೆ, ಸಾಗುವಾನಿ ತೋಪುಗಳು ಅಲೆಯನ್ನು ಹೀರುತ್ತವೆ. ಜುಲೈ ಮಳೆಗೆ ತೊಯ್ದ ಎಲೆ ಇನ್ನಷ್ಟು. ತಗ್ಗಿನ ಹಡ್ಲಿಗೆ ಇಳಿದರಂತೂ ಹತ್ತಿರದ ಶಿಬಿರವೂ ಕೈಗೆ ಸಿಗದೆ ಹೋಗಬಹುದು. ಅಂಥಲ್ಲಿ ದಿಣ್ಣೆಯ ಮೇಲಿನ ರಿಪೀಟರ್ ಬೇಕು. ಅದು ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಹೊರಗೆ ಬಿಡುತ್ತದೆ.

ಎತ್ತರ ಏನು ಕೊಡುತ್ತದೆ ಎಂದು ನೋಡಲು ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟ ಸಾಕು. ಸುತ್ತಲ ನೆಲದಿಂದ 400 ಮೀಟರಿಗೂ ಮೇಲೆದ್ದ ಅದರ ನೆತ್ತಿಗೆ ಇದೇ ಲೆಕ್ಕ ಹಾಕಿದರೆ 80 ಕಿ.ಮೀ. ದಾಟುತ್ತದೆ! ಆ ಬೆಟ್ಟದ ದೇವರು ಸಿಡಿಲು ಮಲ್ಲಿಕಾರ್ಜುನ. ಎತ್ತರಕ್ಕೂ ಸಿಡಿಲಿಗೂ ಇರುವ ನಂಟು ಊರವರಿಗೆ ಆಂಟೆನಾ ಬರುವ ಮೊದಲೇ ಗೊತ್ತಿತ್ತು. ಕಂಬ ನಿಲ್ಲಿಸುವವರು ಮಾತ್ರ ಅರ್ಥಿಂಗ್ ಅನ್ನು ನಾಳೆಗೆ ಮುಂದೂಡುತ್ತಾರೆ.

ಕಂಬ ಎತ್ತರಿಸಿದ ಮೇಲೂ ಎಡವುವ ಜಾಗಗಳಿವೆ. 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಲೆಯ ಉದ್ದ 2 ಮೀಟರ್, ಅದರ ಕಾಲುಭಾಗದ ಕಡ್ಡಿ ಅರ್ಧ ಮೀಟರ್. ಆ ಕಡ್ಡಿಯನ್ನು ಜಿಂಕ್ ಶೀಟಿಗೋ ಸೋಲಾರ್ ಪ್ಯಾನೆಲಿನ ಚೌಕಟ್ಟಿಗೋ ಅಂಟಿಸಿದಂತೆ ಕಟ್ಟಿದರೆ ಅಲೆ ಒಂದು ಕಡೆಗೆ ಹೋಗಿ ಇನ್ನೊಂದು ಕಡೆ ಕುರುಡಾಗುತ್ತದೆ. ಲೋಹದಿಂದ 2 ಮೀಟರಾದರೂ ದೂರವಿರಲಿ, ಕಡ್ಡಿ ನೆಟ್ಟಗಿರಲಿ. ಕೈಯಲ್ಲಿನ ವಾಕಿಯನ್ನೂ ನೆಟ್ಟಗೇ ಹಿಡಿಯಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ಭುಜದ ಮೈಕಿನಲ್ಲಿ ಮಾತಾಡಿದರೆ ಅರ್ಧ ಶಕ್ತಿ ಮೈಗೇ ಹೋಯಿತು ಎಂದುಕೊಳ್ಳಿ.

ನನ್ನ ಮಟ್ಟಿಗೆ ದೊಡ್ಡ ಕಳ್ಳ ಕೇಬಲ್ಲು. ಆರ್‌ಜಿ-58 ಎಂಬ ತೆಳು ಕೇಬಲ್ಲನ್ನು 30 ಮೀಟರ್ ಎಳೆದರೆ 25 ವ್ಯಾಟಿನಲ್ಲಿ ಕಂಬದ ತುದಿ ಮುಟ್ಟುವುದು ಆರರಷ್ಟು ಮಾತ್ರ. ಉಳಿದದ್ದು ದಾರಿಯಲ್ಲೇ ಶಾಖವಾಗಿ ಸೋರಿಹೋಗುತ್ತದೆ, ಬರುವ ದನಿಗೂ ಅಷ್ಟೇ ನಷ್ಟ. ದಪ್ಪ ಕೇಬಲ್ ದುಬಾರಿ, ನಿಜ. ಹೊಸ ಸೆಟ್ಟಿಗಿಂತ ಅಗ್ಗ. ಮೇಲಿನ ಕನೆಕ್ಟರಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಬೇಕು, ಕಿಟಕಿ ಹೊಗುವ ಮೊದಲು ಕೇಬಲ್ ಕೆಳಕ್ಕೊಮ್ಮೆ ಬಾಗಿರಬೇಕು. ಇಲ್ಲದಿದ್ದರೆ ಮುಂಗಾರಿನ ನೀರು ಅದೇ ದಾರಿಯಲ್ಲಿ ಸೆಟ್‌ವರೆಗೂ ಬರುತ್ತದೆ.

ಕಾಡಂಚಿನ ರೈತರಿಗೂ ಇದರಲ್ಲಿ ಪಾಲಿದೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟ್ ಸೆಟ್‌ಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಈ ಪಟ್ಟಿಯದಲ್ಲ, ಕೊಳ್ಳುವಾಗ ಕೇಳಿ ನೋಡಬೇಕು. ರಾತ್ರಿ ಆನೆ ಕಾಯಲು ಅಟ್ಟಣೆ ಏರಿ ಕೂತವನು ಅಲ್ಲಿಂದಲೇ ಮಾತಾಡಲಿ, ಕೆಳಗಿಳಿದ ಮೇಲಲ್ಲ.